ಮಲ್ಪೆ ದಕ್ಕೆಯ ಬೋರ್ಡಿಲ್ಲದ ಶೆಡ್ಡು: ನಮ್ಮ ಗೇರ್ ಕೇಬಲ್ ಸರಿಯಾದ ಜಾಗ

ಐಸ್ ಪ್ಲಾಂಟಿನ ಹಿಂದೆ ಒಂದು ಶೆಡ್ಡು. ಬೋರ್ಡ್ ಇಲ್ಲ. ಬಾಗಿಲಲ್ಲಿ ಹಳೇ ಪ್ರೊಪೆಲ್ಲರ್ ಒರಗಿಸಿಟ್ಟಿದ್ದಾರೆ, ಅದೇ ಗುರುತು. ಮೀನಿನ ಬೋಟಿನವರು ರಿಪೇರಿಗೆ ಹೋಗುವ ಅಂಗಡಿ. ನಾವು ಹೋಗಿದ್ದು ಹಾಯಿದೋಣಿಗಾಗಿ.

ಜನವರಿಯಲ್ಲಿ ಭಾವನ 31 ಅಡಿಯ ದೋಣಿಯಲ್ಲಿ ಗೋವಾದಿಂದ ಬರುತ್ತಿದ್ದೆವು. ಸೇಂಟ್ ಮೇರೀಸ್ ದ್ವೀಪ ದಾಟಿ ಬಂದರಿನ ಬಾಯಿಗೆ ಬಂದಾಗ ಭಾವ ಗೇರ್ ಲಿವರನ್ನು ನ್ಯೂಟ್ರಲ್‌ಗೆ ತಂದರು. ಲಿವರ್ ಹಗುರವಾಗಿ ಬಂತು, ದೋಣಿ ಮಾತ್ರ ಮುಂದಕ್ಕೇ ಹೋಗುತ್ತಿತ್ತು. ಎದುರಿಗೆ ಸಾಲಾಗಿ ಬಲೆ ಎಳೆಯುವ ಟ್ರಾಲ್ ಬೋಟುಗಳು. ಭಾವ ಇಂಜಿನ್ ನಿಲ್ಲಿಸಿದರು. ಪುಣ್ಯಕ್ಕೆ ಮಧ್ಯಾಹ್ನದ ಕಡಲ ಗಾಳಿ ಇತ್ತು. ಮುಂದಿನ ಹಾಯಿ ಬಿಚ್ಚಿ, ತೆಂಕಕ್ಕೆ ತಿರುಗಿಸಿ, ಸ್ವಲ್ಪ ದೂರದಲ್ಲಿ ಲಂಗರು ಹಾಕಿದೆವು. ನನ್ನ ಕೈ ನಡುಗುತ್ತಿತ್ತು.

ಇಂಜಿನ್ ಮುಚ್ಚುವ ಮೆಟ್ಟಿಲು ತೆಗೆದು ನೋಡಿದರೆ, ಲಿವರಿನಿಂದ ಗೇರ್‌ಬಾಕ್ಸಿಗೆ ಹೋಗುವ ಗೇರ್ ಕೇಬಲ್ ಒಳಗೇ ತುಂಡಾಗಿತ್ತು. ಅದರ ತುದಿಯನ್ನು ಗೇರ್‌ಬಾಕ್ಸಿನಿಂದ ಬಿಚ್ಚಿದೆವು. ನಾನು ಕೆಳಗೆ ಕೂತು ಕೈಯಲ್ಲೇ ಗೇರ್ ಹಾಕುವುದು, ಭಾವ ಮೇಲಿಂದ ಕೂಗುವುದು. ಇಂಜಿನ್ ಪೂರ್ತಿ ನಿಧಾನಕ್ಕೆ ಬಂದ ಮೇಲೆಯೇ ಗೇರ್ ಮುಟ್ಟಬೇಕು. ಹಾಗೆ ದಕ್ಕೆಗೆ ಬಂದು ಮುಟ್ಟಿದೆವು.

ದಕ್ಕೆಯಲ್ಲಿ ಒಬ್ಬರು, ಬೈಕಿನ ಕೇಬಲ್ ಹಾಕಿ ಅಡ್ಜಸ್ಟ್ ಮಾಡೋಣ ಎಂದರು. ಶೆಡ್ಡಿನ ಮೆಕ್ಯಾನಿಕ್ ಒಪ್ಪಲಿಲ್ಲ. "ಬೈಕಿನ ಕ್ಲಚ್ ಕೇಬಲ್ ಎಳೆಯುವುದು ಮಾತ್ರ ಅಕ್ಕ. ಇದು ತಳ್ಳಲೂ ಬೇಕಲ್ಲ ಮಾರಾಯ್ರೆ" ಎಂದರು. ಹಳೆಯದನ್ನು ನಮ್ಮೆದುರೇ ಕತ್ತರಿಸಿ ತೋರಿಸಿದರು. ಕ್ಲಾಂಪ್ ಹತ್ತಿರ ಕಪ್ಪು ಹೊದಿಕೆ ಬಿರಿದು, ಉಪ್ಪುನೀರು ಇಳಿದು, ಒಳಗೆ ತುಕ್ಕು ಉಬ್ಬಿತ್ತು. ಮೊದಲು ಬೇರೆ ಊರಿನಲ್ಲಿ ಹಾಕಿಸಿದ ಕೇಬಲ್ ಅದು. ತೀರಾ ಬಿಗಿಯಾಗಿ ಬಗ್ಗಿಸಿ ಕೂರಿಸಿದ್ದರು. ಆರು ತಿಂಗಳಿಂದ ಲಿವರ್ ಗಟ್ಟಿಯಾಗುತ್ತಿತ್ತು. ನಾವು ಅದನ್ನು ಗಮನಿಸಬೇಕಿತ್ತು.

ಉದ್ದವನ್ನು ಎರಡೂ ಕಡೆಯ ತ್ರೆಡ್ಡಿನ ತುದಿಯಿಂದ ತುದಿಗೆ ಅಳೆದರು. 14 ಅಡಿ ಬಂತು. "15 ತರಿಸುವ" ಎಂದರು. ಅಕ್ಕಿ ಗೇರುವ ತಡ್ಪೆಯಷ್ಟು ದೊಡ್ಡ ಸುತ್ತಿನಲ್ಲಿ ತಿರುಗಬೇಕಂತೆ, ಅದಕ್ಕೆ ಆ ಒಂದಡಿ ಜಾಸ್ತಿ. ನಮ್ಮ ಕೇಬಲ್ 33ಸಿ ಎಂಬ ಮಾದರಿಯದು. ಈ ಜಾತಿಗೆ ಬಾಗುವ ಕಡೆ ಕನಿಷ್ಠ 20 ಸೆಂಟಿಮೀಟರ್ ತ್ರಿಜ್ಯ ಬೇಕು. ಕೊಚ್ಚಿಯಿಂದ ಪಾರ್ಸೆಲ್ ಬರಲು ಎರಡು ದಿನ ಹಿಡಿಯಿತು.

ಹೊಸ ಕೇಬಲನ್ನು ಹಳೆಯದರ ಬಾಲಕ್ಕೆ ಕಟ್ಟಿ ಎಳೆದುಕೊಂಡರು. ಅರ್ಧ ಗಂಟೆಯಲ್ಲಿ ಕೂತಿತು. ನನಗೆ ಅವರ ಮೇಲೆ ನಂಬಿಕೆ ಬಂದಿದ್ದು ಆಮೇಲೆ. ನಾನು ಲಿವರ್ ಹಾಕುತ್ತಿದ್ದೆ, ಅವರು ಟಾರ್ಚ್ ಹಿಡಿದು ಗೇರ್‌ಬಾಕ್ಸಿನ ಕೈಯನ್ನೇ, ಅಂದರೆ ಕೇಬಲ್ ಕೂರುವ ಸಣ್ಣ ಲಿವರನ್ನೇ, ನೋಡುತ್ತಿದ್ದರು. ಮುಂದಕ್ಕೆ ಸರಿ ಇತ್ತು. ರಿವರ್ಸ್‌ನಲ್ಲಿ ಕೊನೆಯವರೆಗೆ ಹೋಗುತ್ತಿರಲಿಲ್ಲ, ಒಂದು ಕೂದಲಷ್ಟು ಕಡಿಮೆ. ನಮಗೆ ಗೊತ್ತೇ ಆಗುತ್ತಿರಲಿಲ್ಲ. ಗೇರ್ ಅರ್ಧ ಹಿಡಿದರೆ ಕ್ಲಚ್ ಜಾರಿ ಜಾರಿ ಸವೆಯುತ್ತದೆ ಎಂದು ತುದಿಯನ್ನು ಬಿಚ್ಚಿ, ಎರಡು ಸುತ್ತು ತಿರುಗಿಸಿ, ಮತ್ತೆ ನೋಡಿದರು. ನಾಲ್ಕು ಸಲ ಹೀಗೇ. ಯಾರೂ ಕೇಳದೆ ಇಷ್ಟು ಮಾಡುವವರು ಸಿಗುವುದು ಕಷ್ಟ ಅಲ್ವಾ?

ಎಕ್ಸಲೇಟರ್ ಕೇಬಲ್ಲಿಗೂ ಅಷ್ಟೇ ವಯಸ್ಸಾಗಿತ್ತು, ಅದನ್ನೂ ಬದಲಿಸಿದೆವು. ಎರಡು ಕೇಬಲ್, ಪಾರ್ಸೆಲ್, ಕೂಲಿ ಎಲ್ಲ ಸೇರಿ 9,800 ರೂಪಾಯಿ. ಬಿಲ್ ಚೀಟಿಯಲ್ಲಿ ಬರೆದು ಕೊಡುತ್ತಾರೆ. ಬೋಟುಗಳು ಬರುವ ಬೆಳಗ್ಗಿನ ಹೊತ್ತು ಫೋನ್ ಎತ್ತುವುದಿಲ್ಲ, ಅದೊಂದು ನನಗೆ ಬೇಸರ. ಜೂನ್, ಜುಲೈ ಹೋಗಬೇಡಿ. ಟ್ರಾಲಿಂಗ್ ನಿಷೇಧ ಇರುವ ಆ 61 ದಿನ ಎಲ್ಲ ಬೋಟುಗಳೂ ರಿಪೇರಿಗೆ ನಿಂತಿರುತ್ತವೆ, ಇವರಿಗೆ ಪುರುಸೊತ್ತೇ ಇರುವುದಿಲ್ಲ.

ಹೊರಡುವಾಗ ಹಳೇ ಎಕ್ಸಲೇಟರ್ ಕೇಬಲನ್ನು ಸುತ್ತಿ ನನ್ನ ಕೈಗೆ ಕೊಟ್ಟರು. "ಎಸೆಯಬೇಡಿ ಅಕ್ಕ, ಇನ್ನೂ ನಡೆಯುತ್ತದೆ. ನಡುಗಡಲಲ್ಲಿ ಬೇಕಾದೀತು." ಈಗ ಅದು ಮಲಗುವ ಹಲಗೆಯ ಕೆಳಗಿದೆ, ಎರಡು ಸ್ಪ್ಯಾನರ್ ಜೊತೆ.