ಸಿಯಾಟಲ್‌ನಿಂದ ಬೆಂಗಳೂರಿಗೆ: ಅಲಾಸ್ಕಾ ಮ್ಯಾಚ್ ಮೇಲೋ, ಡೆಲ್ಟಾ ಮ್ಯಾಚ್ ಮೇಲೋ?

ಒಂದು ವಿಮಾನ ಸಂಸ್ಥೆಯಲ್ಲಿ ಪದೇ ಪದೇ ಹಾರಿ ಗೋಲ್ಡ್‌ನಂಥ ಸದಸ್ಯ ದರ್ಜೆ ಗಳಿಸಿದವರು ಅದರ ಪುರಾವೆ ತೋರಿಸಿ ಪ್ರತಿಸ್ಪರ್ಧಿ ಸಂಸ್ಥೆಯಲ್ಲೂ ಅದೇ ಮಟ್ಟದ ದರ್ಜೆಯನ್ನು ಕೇಳಿ ಪಡೆಯಬಹುದು. ಇದೇ ಸ್ಟೇಟಸ್ ಮ್ಯಾಚ್. ಕಚೇರಿ ಕೆಲಸಕ್ಕೆ ಓಡಾಡಿ ಗಳಿಸಿದ ಯುನೈಟೆಡ್‌ನ ಪ್ರೀಮಿಯರ್ ಗೋಲ್ಡ್ ನನ್ನ ಬಳಿ ಇತ್ತು. ಆದರೆ ಸಿಯಾಟಲ್‌ನಲ್ಲಿ ನೆಲೆಸಿದವರಿಗೆ ಯುನೈಟೆಡ್ ಅಷ್ಟಾಗಿ ಒದಗಿಬರುವುದಿಲ್ಲ. ಈ ಊರು ಅಲಾಸ್ಕಾ ಏರ್‌ಲೈನ್ಸ್‌ನ ತವರು, ಜೊತೆಗೆ ಡೆಲ್ಟಾದ ದೊಡ್ಡ ಕೇಂದ್ರ. ಎರಡರಲ್ಲೂ ಮ್ಯಾಚ್ ಮಾಡಿಸಿಕೊಂಡು, ಎರಡೂ ಕಡೆಯ ಮಿತ್ರ ಸಂಸ್ಥೆಗಳಲ್ಲಿ ಬೆಂಗಳೂರಿಗೆ ಹೋಗಿಬಂದ ಮೇಲೆ ನನ್ನ ಅಭಿಪ್ರಾಯ ಗಟ್ಟಿಯಾಗಿದೆ: ಊರಿಗೆ ಹೋಗುವ ಕನ್ನಡಿಗರಿಗೆ ಅಲಾಸ್ಕಾ ಮ್ಯಾಚ್ ಮೇಲು.

ಅರ್ಜಿಯ ವಿಷಯದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಹೆಸರು, ಸದಸ್ಯ ಸಂಖ್ಯೆ, ದರ್ಜೆ ಮತ್ತು ಅದರ ಅವಧಿ ಸ್ಪಷ್ಟವಾಗಿ ಕಾಣುವ ಚಿತ್ರವನ್ನು ಜಾಲತಾಣದಲ್ಲಿ ಸೇರಿಸಿದರೆ ಆಯಿತು. ಎರಡು ಸಂಸ್ಥೆಗಳೂ ಮೊದಲು ಮೂರು ತಿಂಗಳ ಪರೀಕ್ಷಾವಧಿಗೆ ದರ್ಜೆ ಕೊಡುತ್ತವೆ. ಆ ಅವಧಿಯಲ್ಲಿ ನಿಗದಿತ ಗುರಿ ಮುಟ್ಟಿದರೆ ದರ್ಜೆ ಮುಂದುವರಿಯುತ್ತದೆ, ಇಲ್ಲವಾದರೆ ಅಲ್ಲಿಗೇ ಮುಗಿಯುತ್ತದೆ.

ದಾರಿಗಳು ಕವಲೊಡೆಯುವುದು ಗುರಿಯನ್ನು ಅಳೆಯುವ ರೀತಿಯಲ್ಲಿ. ಡೆಲ್ಟಾ 2024ರಿಂದ ಮೈಲಿಗಳ ಲೆಕ್ಕವನ್ನು ಕೈಬಿಟ್ಟು ಖರ್ಚಿನ ಲೆಕ್ಕವೊಂದನ್ನೇ ಇಟ್ಟುಕೊಂಡಿದೆ. ಮಾಮೂಲಿ ದಾರಿಯಲ್ಲಿ ಅಲ್ಲಿ ಗೋಲ್ಡ್ ಆಗಲು ವರ್ಷಕ್ಕೆ 10,000 ಡಾಲರ್ ಲೆಕ್ಕ ತುಂಬಬೇಕು. ಪರೀಕ್ಷಾವಧಿಯ ಗುರಿ ಅದಕ್ಕಿಂತ ಚಿಕ್ಕದು, ಆದರೆ ಅಳತೆಗೋಲು ಮಾತ್ರ ಅದೇ ದುಡ್ಡು. ಅಲಾಸ್ಕಾದಲ್ಲಿ ಹಾರಿದ ದೂರವನ್ನೇ ಅಳತೆಗೋಲಾಗಿ ಇಟ್ಟುಕೊಳ್ಳಬಹುದು. ಸಿಯಾಟಲ್‌ನಿಂದ ಹೊನೊಲುಲುವಿಗೆ ಹೋಗಿಬಂದರೆ 5,000 ಮೈಲಿ ದಾಟುತ್ತದೆ, ಟಿಕೆಟ್ ರಿಯಾಯಿತಿಯಲ್ಲಿ ಸಿಕ್ಕಿದ್ದರೂ ಸರಿ. ಮನೆಯವರೆಲ್ಲರ ಟಿಕೆಟ್‌ಗೆ ಸ್ವಂತ ಜೇಬಿನಿಂದ ದುಡ್ಡು ಹಾಕುವವರಿಗೆ ಇದು ಸಣ್ಣ ಮಾತಲ್ಲ. ಕಂಪನಿಯ ಖರ್ಚಿನಲ್ಲಿ ಕೊನೆಯ ಗಳಿಗೆಯ ದುಬಾರಿ ಟಿಕೆಟ್ ಕೊಳ್ಳುವವರಿಗಾದರೆ ಡೆಲ್ಟಾದ ಲೆಕ್ಕವೇ ಬೇಗ ತುಂಬುತ್ತದೆ. ಮಿತ್ರ ಸಂಸ್ಥೆಗಳ ಹಾರಾಟ ಪರೀಕ್ಷೆಯ ಗುರಿಗೆ ಸೇರುತ್ತದೆಯೋ ಇಲ್ಲವೋ ಎಂಬುದನ್ನು ಮಾತ್ರ ಅರ್ಜಿಯ ನಿಯಮಗಳಲ್ಲಿ ಮೊದಲೇ ಓದಿಕೊಳ್ಳಬೇಕು. ನಾನು ಆ ಗೊಡವೆಗೆ ಹೋಗದೆ ಗುರಿಯನ್ನು ಅಮೆರಿಕದೊಳಗಿನ ಪ್ರಯಾಣದಲ್ಲೇ ಮುಟ್ಟಿದೆ.

ಇನ್ನು ಊರಿನ ದಾರಿ. ಅಲಾಸ್ಕಾ 2021ರ ಮಾರ್ಚ್‌ನಲ್ಲಿ ಒನ್‌ವರ್ಲ್ಡ್ ಎಂಬ ವಿಮಾನ ಸಂಸ್ಥೆಗಳ ಒಕ್ಕೂಟ ಸೇರಿತು. ಅಲಾಸ್ಕಾದ ಗೋಲ್ಡ್ ಎಂದರೆ ಒಕ್ಕೂಟದ ಮಟ್ಟಿಗೆ ಸಫೈರ್ ದರ್ಜೆ. ಸಿಯಾಟಲ್‌ನಿಂದ ಹೊರಟು ಲಂಡನ್‌ನಲ್ಲಿ ವಿಮಾನ ಬದಲಿಸಿದರೆ ಬ್ರಿಟಿಷ್ ಏರ್‌ವೇಸ್, ದೋಹಾದಲ್ಲಿ ಬದಲಿಸಿದರೆ ಕತಾರ್ ಏರ್‌ವೇಸ್, ಟೋಕಿಯೋದ ನರಿತಾದಲ್ಲಿ ಬದಲಿಸಿದರೆ ಜಪಾನ್ ಏರ್‌ಲೈನ್ಸ್. ಮೂರು ದಿಕ್ಕಿನ ಮೂರು ದಾರಿಗಳು, ಮೂರೂ ಒಂದೇ ನಿಲುಗಡೆಯಲ್ಲಿ ಕೆಂಪೇಗೌಡ ವಿಮಾನ ನಿಲ್ದಾಣಕ್ಕೆ ತಲುಪಿಸುತ್ತವೆ. ಡೆಲ್ಟಾ ಇರುವುದು ಸ್ಕೈಟೀಮ್ ಒಕ್ಕೂಟದಲ್ಲಿ, ಅಲ್ಲಿ ಅದರ ಗೋಲ್ಡ್‌ಗೆ ಎಲೀಟ್ ಪ್ಲಸ್ ಮಾನ್ಯತೆ. ಪ್ಯಾರಿಸ್‌ನಿಂದ ಏರ್ ಫ್ರಾನ್ಸ್, ಆಮ್‌ಸ್ಟರ್‌ಡ್ಯಾಮ್‌ನಿಂದ ಕೆಎಲ್‌ಎಂ ಬೆಂಗಳೂರಿಗೆ ಹಾರುತ್ತವೆ. ಇವೂ ಒಳ್ಳೆಯ ದಾರಿಗಳೇ, ಆದರೆ ಎರಡೂ ಯುರೋಪಿನವು. ಬೇಸಿಗೆ ರಜೆಯಲ್ಲಿ ಯುರೋಪಿನ ದಾರಿಗಳೆಲ್ಲ ಒಟ್ಟಿಗೆ ದುಬಾರಿಯಾದಾಗ ದೋಹಾ ಅಥವಾ ಟೋಕಿಯೋ ಎಂಬ ಇನ್ನೊಂದು ಬಾಗಿಲು ತೆರೆದಿರುವುದರ ಬೆಲೆ ಗೊತ್ತಾಗುತ್ತದೆ.

ಲಗೇಜ್ ವಿಷಯದಲ್ಲಿ ಡೆಲ್ಟಾದ ಒಕ್ಕೂಟ ಒಂದು ಹೆಜ್ಜೆ ಮುಂದಿದೆ. ತೂಕದ ಲೆಕ್ಕವಿರುವ ಕಡೆ ಎಲೀಟ್ ಪ್ಲಸ್‌ಗೆ 20 ಕೆ.ಜಿ. ಹೆಚ್ಚುವರಿ, ಸಫೈರ್‌ಗೆ 15 ಕೆ.ಜಿ. ಆದರೆ ಅಮೆರಿಕದ ಪ್ರಯಾಣಗಳಲ್ಲಿ ಸಾಮಾನ್ಯವಾಗಿ ಪೆಟ್ಟಿಗೆಗಳ ಲೆಕ್ಕವಿರುವುದರಿಂದ ಎರಡರಲ್ಲೂ ಸಿಗುವುದು ಒಂದು ಹೆಚ್ಚುವರಿ ಪೆಟ್ಟಿಗೆ. ಬೆಂಗಳೂರಿನಿಂದ ಮರಳುವಾಗ ಆ ಪೆಟ್ಟಿಗೆಯಲ್ಲಿ ಏನೇನು ಹಿಡಿಯುತ್ತದೆ ಎಂಬುದನ್ನು ನಮ್ಮ ಮನೆಯಲ್ಲಿ ಬಲ್ಲೆವು: ಹುರಿಗಾಳು, ಚಟ್ನಿಪುಡಿ, ಅಮ್ಮ ಒಣಗಿಸಿಟ್ಟ ಅರಳು ಸಂಡಿಗೆ, ಎರಡು ಪದರ ಪ್ಲಾಸ್ಟಿಕ್ ಸುತ್ತಿದ ಮಿಡಿ ಉಪ್ಪಿನಕಾಯಿ, ಇವುಗಳ ನಡುವೆ ಮೆತ್ತೆಯಂತೆ ತುರುಕಿದ ಸೀರೆಗಳು. ಅಡುಗೆಮನೆಯ ನೆಲದ ಮೇಲೆ ತಕ್ಕಡಿ ಇಟ್ಟುಕೊಂಡು 23 ಕೆ.ಜಿ.ಗೆ ಸರಿಯಾಗಿ ಒಂದೊಂದೇ ಪೊಟ್ಟಣ ತೆಗೆದು ಹಾಕುವ ಕೆಲಸ ಆ ಒಂದು ಪೆಟ್ಟಿಗೆಯಿಂದ ಎಷ್ಟೋ ಹಗುರಾಗುತ್ತದೆ. ನೆನಪಿಡಬೇಕಾದ್ದು, ಮಿತ್ರ ಸಂಸ್ಥೆಯ ವಿಮಾನದಲ್ಲಿ ಈ ಸೌಲಭ್ಯ ದರ್ಜೆ ಇರುವವರಿಗೆ ಮಾತ್ರ. ಊರಿನಿಂದ ತಾವಾಗಿಯೇ ಬರುವ ಅಪ್ಪ ಅಮ್ಮನಿಗೆ ನಮ್ಮ ದರ್ಜೆಯಿಂದ ಒಂದು ಗ್ರಾಂ ಕೂಡ ಸೇರುವುದಿಲ್ಲ.

ಲೌಂಜ್, ಅಂದರೆ ವಿಮಾನ ನಿಲ್ದಾಣದ ವಿಶ್ರಾಂತಿ ಕೊಠಡಿಯ ವಿಷಯದಲ್ಲಿ ಎರಡೂ ದರ್ಜೆಗಳಿಗೆ ಒಂದೇ ನಿಯಮ: ಅಂತರರಾಷ್ಟ್ರೀಯ ಪ್ರಯಾಣದಲ್ಲಿ ಎಕಾನಮಿ ಟಿಕೆಟ್ ಇದ್ದರೂ ಪ್ರವೇಶ, ಜೊತೆಗೆ ಒಬ್ಬ ಅತಿಥಿ. ನಾಲ್ವರ ಕುಟುಂಬವಾದರೆ ಇನ್ನಿಬ್ಬರ ಗತಿ ಏನೆಂದು ಮೊದಲೇ ಯೋಚಿಸಬೇಕು. ನಾನು ಮತ್ತು ನನ್ನ ಹೆಂಡತಿ ಪಾಳಿಯ ಮೇಲೆ ಒಂದೊಂದು ಮಗುವನ್ನು ಒಳಗೆ ಕರೆದುಕೊಂಡು ಹೋಗುವ ಮಾತೇ ಇಲ್ಲ, ದರ್ಜೆ ಒಬ್ಬರದೇ ಅಲ್ಲವೇ. ಹೀಗಾಗಿ ಅವಳ ಹೆಸರಿನಲ್ಲೂ ಮ್ಯಾಚ್ ಮಾಡಿಸಿದ ಮೇಲಷ್ಟೇ ಲೌಂಜ್ ನಮಗೆ ನಿಜವಾಗಿ ದಕ್ಕಿತು. ದೋಹಾದಲ್ಲಿ ಇನ್ನೊಂದು ಸೂಕ್ಷ್ಮವಿದೆ. ಎಲ್ಲರೂ ಹೊಗಳುವ ಅಲ್ ಮುರ್ಜಾನ್ ಲೌಂಜ್ ಬಿಸಿನೆಸ್ ಕ್ಲಾಸ್ ಟಿಕೆಟ್‌ನವರದು. ಎಕಾನಮಿಯ ಸಫೈರ್ ಪ್ರಯಾಣಿಕರಿಗೆ ಬೇರೆ ಲೌಂಜ್. ಅಲ್ಲೂ ಬಿಸಿ ಊಟ, ಸ್ನಾನಕ್ಕೆ ನೀರು ಸಿಕ್ಕರೆ ಹದಿನಾಲ್ಕು ಗಂಟೆಯ ಹಾರಾಟದ ಆಯಾಸಕ್ಕೆ ನನಗೆ ಅಷ್ಟು ಸಾಕು.

ಅಮೆರಿಕದೊಳಗಿನ ಪ್ರಯಾಣಕ್ಕೆ ಮಾತ್ರ ಅಲಾಸ್ಕಾ ಗೋಲ್ಡ್‌ಗೂ ಲೌಂಜ್ ಇಲ್ಲ, ಡೆಲ್ಟಾ ಗೋಲ್ಡ್‌ಗೂ ಇಲ್ಲ, ಯುನೈಟೆಡ್ ಗೋಲ್ಡ್‌ಗೂ ಇಲ್ಲ. ವಿಚಿತ್ರವೆಂದರೆ, ಏರ್ ಇಂಡಿಯಾದ ಗೋಲ್ಡ್ ಇರುವವರು, ಅದೂ ಯುನೈಟೆಡ್ಡೂ ಇರುವ ಸ್ಟಾರ್ ಅಲಯನ್ಸ್ ಒಕ್ಕೂಟದ ನಿಯಮದಂತೆ, ಅಮೆರಿಕದೊಳಗೆ ಯುನೈಟೆಡ್ ವಿಮಾನ ಹತ್ತುವಾಗ ಯುನೈಟೆಡ್‌ನ ಲೌಂಜ್‌ಗೆ ಹೋಗಬಹುದು. ಹೊರಗಿನವರಿಗೆ ಬಾಗಿಲು ತೆರೆದು ಮನೆಯವರನ್ನು ಹೊರಗೆ ನಿಲ್ಲಿಸುವ ಈ ನಿಯಮ ನನಗೆ ಈಗಲೂ ಸರಿ ಕಾಣುವುದಿಲ್ಲ.

ಎಮಿರೇಟ್ಸ್‌ನಲ್ಲಿ ದುಬೈ ಮೂಲಕ ಹೋಗುವುದೂ ಸುಲಭ, ಸೇವೆಯೂ ಚೆನ್ನ. ಆದರೆ ಅದು ಯಾವ ದೊಡ್ಡ ಒಕ್ಕೂಟದಲ್ಲೂ ಇಲ್ಲವಾದ್ದರಿಂದ ನಮ್ಮ ಈ ಯಾವ ದರ್ಜೆಯೂ ಅಲ್ಲಿ ನಡೆಯದು.

ಡೆಲ್ಟಾವನ್ನು ಯಾರು ಆರಿಸಬೇಕು? ನ್ಯೂಯಾರ್ಕ್, ಅಟ್ಲಾಂಟಾ, ಡೆಟ್ರಾಯಿಟ್ ಕಡೆಗೆ ಕಚೇರಿ ಕೆಲಸಕ್ಕೆ ಪದೇ ಪದೇ ಹೋಗುವವರು, ಟಿಕೆಟ್ ದುಡ್ಡು ತಮ್ಮದಲ್ಲದವರು. ಅಂಥವರಿಗೆ ಅಲ್ಲಿನ ಹಾರಾಟಗಳ ಸಂಖ್ಯೆಯೇ ದೊಡ್ಡ ಅನುಕೂಲ. ವಿಮಾನದ ಮುಂಭಾಗದ ಫಸ್ಟ್ ಕ್ಲಾಸ್ ಆಸನಕ್ಕೆ ಸಿಗುವ ಉಚಿತ ಬಡ್ತಿಗೆ ಎರಡೂ ಸಂಸ್ಥೆಗಳ ಗೋಲ್ಡ್ ಸದಸ್ಯರನ್ನು ಪರಿಗಣಿಸುವುದು ಹೊರಡುವ 72 ಗಂಟೆ ಮೊದಲು. ಮೇಲಿನ ದರ್ಜೆಯವರು ಅಷ್ಟರಲ್ಲಿ ತಮ್ಮ ಸರದಿ ಮುಗಿಸಿರುತ್ತಾರೆ, ಆದ್ದರಿಂದ ಇದನ್ನು ನಂಬಿ ಮ್ಯಾಚ್ ಮಾಡಿಸಬೇಡಿ.

ಡಿಸೆಂಬರ್ ಕೊನೆಗೆ ಹೊರಟು ಜನವರಿಯಲ್ಲಿ ಮರಳುವವರಾದರೆ ಅರ್ಜಿ ಹಾಕಲು ನವೆಂಬರ್ ಮೊದಲ ವಾರ ಸರಿಯಾದ ಸಮಯ. ಮೂರು ತಿಂಗಳ ಅವಧಿಯೊಳಗೆ ಹೋಗುವ ಬರುವ ಎರಡೂ ಪ್ರಯಾಣಗಳು ಕೂರುತ್ತವೆ. ಹೊಸ ಸದಸ್ಯ ಸಂಖ್ಯೆ ಕೈಸೇರಿದ ಕೂಡಲೇ ಬ್ರಿಟಿಷ್ ಏರ್‌ವೇಸ್ ಅಥವಾ ಕತಾರ್ ಟಿಕೆಟ್‌ನಲ್ಲಿ ಹಳೆಯ ಸಂಖ್ಯೆ ತೆಗೆಸಿ ಅದನ್ನು ಸೇರಿಸಿ. ಚೆಕ್-ಇನ್ ಕೌಂಟರ್ ಬಿಡುವ ಮೊದಲು ಬೋರ್ಡಿಂಗ್ ಪಾಸ್ ಮೇಲೆ ಸಫೈರ್ ಎಂದು ಅಚ್ಚಾಗಿದೆಯೇ ಎಂದು ನೋಡಿಕೊಳ್ಳಿ. ಅಚ್ಚಾಗಿರದಿದ್ದರೆ ಅಲ್ಲೇ ನಿಂತು ಸರಿಪಡಿಸಿಕೊಳ್ಳಿ, ಲೌಂಜ್ ಬಾಗಿಲಿನಲ್ಲಿ ಅವರು ನೋಡುವುದು ಆ ಕಾಗದವನ್ನೇ.