ಸೆಕೆಂಡ್ ಹ್ಯಾಂಡ್ ಜೆಟ್ ಸ್ಕೀ: ಹಾರಂಗಿ ಹಿನ್ನೀರಿನಲ್ಲಿ ಕೆಲವು ವರ್ಷ ಓಡಿಸಿದ ಮೇಲೆ

ಹಳೇ ಜೆಟ್ ಸ್ಕೀ, ಅಂದರೆ ನೀರಿನ ಮೇಲೆ ಓಡುವ ಬೈಕ್, ನೋಡಲು ಹೋದವರೆಲ್ಲ ಮೊದಲು ಕೇಳುವುದು ಎಷ್ಟು ಗಂಟೆ ಓಡಿದೆ ಅಂತ. ನನ್ನ ಪ್ರಶ್ನೆ ಬೇರೆ. ಎಂಜಿನ್ನಿಗೆ ನೀರು ಹೋಗಿತ್ತಾ? ಹೋಗಿದ್ದರೆ ಎಷ್ಟು ದಿನ ಹಾಗೇ ಬಿಟ್ಟಿದ್ದರು? ನೀರು ಹೊಕ್ಕ ಎಂಜಿನ್ ಅದೇ ದಿನ ಬಿಚ್ಚಿ ಒಣಗಿಸಿದರೆ ಬಹುತೇಕ ಬದುಕುತ್ತದೆ. ವಾರಗಟ್ಟಲೆ ನೀರು ನಿಂತರೆ ಹೋಯ್ತು, ಹೊರಗಿನ ಪೇಂಟ್ ಎಷ್ಟು ಮಿಂಚಿದರೂ ಅಷ್ಟೇ.

ನನ್ನದು ಯಮಹಾ ವಿಎಕ್ಸ್, ಹಳೇ ಮಾಡೆಲ್. 1,052 ಸಿಸಿ, ನಾಲ್ಕು ಸಿಲಿಂಡರ್, ಫೋರ್ ಸ್ಟ್ರೋಕ್. ಮೂರು ಜನ ಕೂರಬಹುದು, ಟ್ಯಾಂಕ್ 60 ಲೀಟರ್. ಕರಾವಳಿಯ ಒಬ್ಬರಿಂದ ಕೊಂಡು, ಟ್ರೇಲರ್ ಸಮೇತ ಸಂಪಾಜೆ ಘಾಟಿ ಹತ್ತಿಸಿ ತಂದದ್ದು. ಈಗ ಓಡುವುದು ಕೊಡಗಿನ ಹಾರಂಗಿ ಅಣೆಕಟ್ಟಿನ ಹಿನ್ನೀರಿನಲ್ಲಿ, ಅನುಮತಿ ಇರುವ ಕಡೆ ಮಾತ್ರ. ಅನುಮತಿ ಕೈಗೆ ಬರುವ ಮೊದಲೇ ಗಾಡಿ ಕೊಳ್ಳಬೇಡಿ, ಶೆಡ್ಡಲ್ಲೇ ಕೊಳೆಯುತ್ತದೆ.

ಮಾರಿದವರು ಹೇಳಿದ್ದು ಇಷ್ಟೇ: "ಒಮ್ಮೆ ಸ್ವಲ್ಪ ನೀರು ಕುಡಿದಿತ್ತು, ಈಗ ಸರಿ ಇದೆ." ಕೆದಕಿದಾಗ ಕಥೆ ಹೊರಬಂತು. ಸಮುದ್ರದ ಮಧ್ಯೆ ಬ್ಯಾಟರಿ ಕೈಕೊಟ್ಟಿದೆ. ಹಗ್ಗ ಕಟ್ಟಿ ಬೋಟಿನಲ್ಲಿ ಜೋರಾಗಿ ಎಳೆದು ತಂದಿದ್ದಾರೆ. ನೀರು ಹೊಕ್ಕಿದ್ದು ಅಲ್ಲೇ. ಈ ಎಂಜಿನ್ ತಣ್ಣಗಾಗುವುದು ಹೊರಗಿನ ನೀರಿನಿಂದ, ಆ ನೀರು ಕೂಲಿಂಗ್ ಪೈಪಿನಲ್ಲಿ ಬರುವುದು ಹಿಂದಿನ ಜೆಟ್ ಪಂಪಿನಿಂದ, ಅಂದರೆ ನೀರನ್ನು ಹಿಂದಕ್ಕೆ ಚಿಮ್ಮಿ ಗಾಡಿಯನ್ನು ಮುಂದೆ ತಳ್ಳುವ ಪಂಪಿನಿಂದ. ಎಂಜಿನ್ ನಿಂತಿರುವಾಗ ವೇಗವಾಗಿ ಎಳೆದರೆ ಆ ಪೈಪಿನಲ್ಲಿ ನೀರು ತಾನಾಗಿ ನುಗ್ಗುತ್ತದೆ. ಹೊರಗೆ ತಳ್ಳಲು ಹೊಗೆಯ ಒತ್ತಡ ಇಲ್ಲ. ಸೈಲೆನ್ಸರ್ ಡಬ್ಬಿ ತುಂಬಿ, ನೀರು ಹಿಂದಕ್ಕೆ ಹತ್ತಿ, ತೆರೆದಿರುವ ವಾಲ್ವ್ ಮೂಲಕ ಸಿಲಿಂಡರ್ ಸೇರುತ್ತದೆ. ಎಳೆಯಲೇಬೇಕಾದರೆ ನಡಿಗೆಯ ವೇಗದಲ್ಲಿ ಎಳೆಯಬೇಕು, ಕೂಲಿಂಗ್ ಪೈಪನ್ನು ಕ್ಲಾಂಪಿನಿಂದ ಒತ್ತಿ ಹಿಡಿಯಬೇಕು. ಬೋಟಿನವರಲ್ಲಿ ಎಷ್ಟೋ ಜನಕ್ಕೆ ಇದು ಗೊತ್ತಿಲ್ಲ.

ಸೀಟ್ ಎತ್ತಿದ ಕೂಡಲೇ ನಾನು ಹುಡುಕಿದ್ದು ಗೆರೆ. ಒಳಗೆ ನೀರು ನಿಂತಿದ್ದರೆ ಗಾಡಿಯ ದೋಣಿಯಂಥ ಹೊಟ್ಟೆಯ ಒಳಮೈ ಮೇಲೆ ಕಂದು ಗೆರೆ ಉಳಿದಿರುತ್ತದೆ. ಒರೆಸಿದರೂ ಬ್ಯಾಟರಿ ಡಬ್ಬಿಯ ಹಿಂಬದಿ, ವೈರ್ ಕಟ್ಟುಗಳ ಸಂದಿಯಲ್ಲಿ ಸಿಕ್ಕಿಬೀಳುತ್ತದೆ. ಇದರಲ್ಲಿ ಗೆರೆ ಸ್ಟಾರ್ಟರ್ ಮೋಟಾರಿನ ಅರ್ಧದವರೆಗೆ ಇತ್ತು. ಆ ಗೆರೆಗಿಂತ ಕೆಳಗಿರುವ ಕನೆಕ್ಟರ್ ಎಲ್ಲ ಬಿಚ್ಚಿ ನೋಡಿದೆ. ತಾಮ್ರ ಹಸಿರು, ಅಲ್ಯೂಮಿನಿಯಂ ಮೇಲೆ ಬಿಳಿ ಪುಡಿ. ಉಪ್ಪುನೀರಿನ ಗುರುತು ಅದು.

ಆಮೇಲೆ ಆಯಿಲ್. ಡಿಪ್‌ಸ್ಟಿಕ್ ಹೊರಗೆಳೆದರೆ ಹಾಲು ಹಾಕಿದ ಕಾಫಿ ಬಣ್ಣ, ಅಂದರೆ ಆಯಿಲಿಗೆ ನೀರು ಬೆರೆತಿದೆ. ಇಷ್ಟು ನೋಡಿ ಬೇರೆಯವರು ವಾಪಸ್ ಹೋಗುತ್ತಿದ್ದರೇನೋ. ನಮ್ಮ ಜೊತೆ ಬಂದಿದ್ದ ಮೆಕ್ಯಾನಿಕ್ ಮಾತ್ರ ಸುಮ್ನೆ ಸ್ಪಾರ್ಕ್ ಪ್ಲಗ್ ಬಿಚ್ಚತೊಡಗಿದ. ಮಾರ್ಚಿನಲ್ಲಿ ಕಾಫಿ ತೋಟಕ್ಕೆ ಹೂ ಮಳೆ ಬಾರದಿದ್ದರೆ ಎಲ್ಲರ ಸ್ಪ್ರಿಂಕ್ಲರ್ ಪಂಪ್ ಅವನ ಕೈಯಲ್ಲೇ, ಜೆಟ್ ಸ್ಕೀ ಅವನಿಗೆ ಹೊಸದು. ಆದರೆ ಎಂಜಿನ್ ಎಂಜಿನ್ನೇ ಅಲ್ವಾ. ಪ್ಲಗ್ ಇರುವಾಗಲೇ ಸ್ಟಾರ್ಟ್ ಒತ್ತಬಾರದು ಅಂತ ಅವನಿಗೆ ಹೇಳಬೇಕಾಗಿರಲಿಲ್ಲ. ಸಿಲಿಂಡರಿನಲ್ಲಿ ನಿಂತ ನೀರು ಗಾಳಿಯ ಹಾಗೆ ಅದುಮಿದರೆ ಕುಗ್ಗುವುದಿಲ್ಲ. ಪಿಸ್ಟನ್ ಮೇಲೆ ಬಂದರೆ ಕನೆಕ್ಟಿಂಗ್ ರಾಡೇ ಬಾಗುತ್ತದೆ.

ಪ್ಲಗ್ ತೂತಿನಿಂದ ಪೈಪ್ ಕ್ಯಾಮೆರಾ ಇಳಿಸಿದೆವು. ಮೊಬೈಲಿಗೆ ಸಿಕ್ಕಿಸುವ ಅಗ್ಗದ್ದು ಸಾಕು. ಮೂರು ಸಿಲಿಂಡರ್ ಗೋಡೆ ಸ್ವಚ್ಛ. ನಾಲ್ಕನೆಯದರಲ್ಲಿ ಉಗುರಗಲದ ತುಕ್ಕಿನ ಕಲೆ, ಆದರೆ ಮೇಲ್ಮೈಯದ್ದು, ಗುಂಡಿ ಬಿದ್ದಿರಲಿಲ್ಲ. ಸಿಲಿಂಡರಿನ ಒತ್ತಡ ಅಳೆಯುವ ಕಂಪ್ರೆಷನ್ ಗೇಜ್ ಹಾಕಿದಾಗ ನಾಲ್ಕೂ ಒಂದಕ್ಕೊಂದು ಹತ್ತಿರ ಬಂದವು. ಇಲ್ಲಿ ಇಷ್ಟೇ ಒತ್ತಡ ಬರಬೇಕು ಅನ್ನುವುದಕ್ಕಿಂತ ಸಿಲಿಂಡರುಗಳ ನಡುವೆ ವ್ಯತ್ಯಾಸ ಜಾಸ್ತಿ ಇರಬಾರದು ಅನ್ನುವುದು ಮುಖ್ಯ. ಒಂದು ಮಾತ್ರ ಕೆಳಗಿದ್ದರೆ ನಾನು ತಗೊಳ್ಳುತ್ತಲೇ ಇರಲಿಲ್ಲ. ಬೆಲೆ ಚೌಕಾಸಿ ಮಾಡಿದ್ದು ಇದಾದ ಮೇಲೆ, ಆ ಕಾಫಿ ಬಣ್ಣದ ಆಯಿಲ್ ತೋರಿಸಿ.

ರಿಪೇರಿ ದೊಡ್ಡದೇನಲ್ಲ, ತಾಳ್ಮೆಯದ್ದು. ಆಯಿಲನ್ನು ಕೆಳಗಿಂದ ಬಿಡಲು ಆಗುವುದಿಲ್ಲ, ಮೇಲಿಂದ ಕೈಪಂಪಿನಲ್ಲಿ ಹೀರಿ ತೆಗೆಯಬೇಕು. ಹೊಸದು ಹಾಕಿ, ಸ್ವಲ್ಪ ಹೊತ್ತು ಓಡಿಸಿ, ಮತ್ತೆ ಹೀರಿ, ಬಣ್ಣ ತಿಳಿಯಾಗುವವರೆಗೆ ಹೀಗೇ. ಈ ಸುತ್ತುಗಳಿಗೆ ದುಬಾರಿ ಆಯಿಲ್ ಬೇಡ, ಕೊನೆಯದಕ್ಕೆ ಮಾತ್ರ ಒಳ್ಳೆಯದು, ಫಿಲ್ಟರ್ ಕೂಡ ಆಗ ಹೊಸದು. ಸ್ಟಾರ್ಟರ್ ಮೋಟಾರ್ ಬಿಚ್ಚಿದರೆ ಒಳಗೆ ಬರೀ ತುಕ್ಕು, ಉಳಿಸುವ ಪ್ರಯತ್ನವೇ ಮಾಡಲಿಲ್ಲ. ಕನೆಕ್ಟರ್‌ಗಳನ್ನು ಕಾಂಟ್ಯಾಕ್ಟ್ ಕ್ಲೀನರ್ ಹಾಕಿ ಬ್ರಷ್‌ನಲ್ಲಿ ಉಜ್ಜಿ, ತೇವ ತಡೆಯುವ ಡೈಎಲೆಕ್ಟ್ರಿಕ್ ಗ್ರೀಸ್ ತುಂಬಿದೆವು. ಬಿಡಿಭಾಗ ಮಡಿಕೇರಿಯಲ್ಲಾಗಲಿ ಕುಶಾಲನಗರದಲ್ಲಾಗಲಿ ಕೇಳಲೇಬೇಡಿ, ಹೊರಗಿಂದ ತರಿಸಬೇಕು, ಕಾಯಬೇಕು.

ಮನೆ ಅಂಗಳದಲ್ಲಿ ಎಂಜಿನ್ ತಣ್ಣಗಿರಲು ನಲ್ಲಿಯ ಪೈಪ್ ಹಾಕಿ ಓಡಿಸುವಾಗ ಒಂದು ಕ್ರಮ ಇದೆ. ಮೊದಲು ಎಂಜಿನ್ ಸ್ಟಾರ್ಟ್, ಆಮೇಲೆ ನಲ್ಲಿ. ನಿಲ್ಲಿಸುವಾಗ ಮೊದಲು ನಲ್ಲಿ ಬಂದ್, ಆಮೇಲೆ ಎಂಜಿನ್. ತಿರುವುಮುರುವಾದರೆ ನೀವೇ ಸಿಲಿಂಡರಿಗೆ ನೀರು ತುಂಬಿಸಿದಂತೆ.

ಓಡಿಸಿದ ಅನುಭವ ಹೇಳಬೇಕೆಂದರೆ ಎಂಜಿನ್ನಿನ ಬಗ್ಗೆ ಒಂದೇ ಒಂದು ದೂರಿಲ್ಲ. ತಣ್ಣನೆಯ ಡಿಸೆಂಬರ್ ಬೆಳಿಗ್ಗೆಯೂ ಒಂದೇ ಒತ್ತಿಗೆ ಎದ್ದೇಳುತ್ತದೆ. ಪೆಟ್ರೋಲ್ ಮಾತ್ರ ಕುಡಿಯುತ್ತದೆ, ಪೂರ್ತಿ ಥ್ರಾಟಲ್ ಹಿಡಿದರೆ ಗಂಟೆಗೆ 20 ಲೀಟರ್ ದಾಟುವುದು ಖಂಡಿತ. ಸವೆಯುವುದು ಪಂಪ್. ಹಾರಂಗಿಯ ಪೂರ್ಣ ಮಟ್ಟ ಸಮುದ್ರ ಮಟ್ಟದಿಂದ 2,859 ಅಡಿ. ಏಪ್ರಿಲ್ ಹೊತ್ತಿಗೆ ನೀರು ಇಳಿದು ಹಳೇ ಮರದ ಬೊಡ್ಡೆಗಳು, ಮರಳು ದಿಣ್ಣೆ ಮೇಲೆ ಬರುತ್ತವೆ. ಮೊಣಕಾಲುದ್ದ ನೀರಿನಲ್ಲಿ ಥ್ರಾಟಲ್ ಕೊಟ್ಟರೆ ಮರಳು, ಕಲ್ಲು ಎಲ್ಲ ಒಳಗೆ. ಪಂಪಿನೊಳಗೆ ತಿರುಗುವ ಇಂಪೆಲ್ಲರ್ ರೆಕ್ಕೆಯ ಸುತ್ತಲಿನ ವೇರ್ ರಿಂಗ್ ಎಂಬ ಬಳೆ ಗೀರುಬಿದ್ದು ಸಂದು ದೊಡ್ಡದಾಗುತ್ತದೆ. ಎಂಜಿನ್ ಕೂಗುತ್ತದೆ, ಗಾಡಿ ಮುಂದೆ ಹೋಗುವುದಿಲ್ಲ. ಇದನ್ನು ಎಂಜಿನ್ ದೋಷ ಅಂದುಕೊಂಡು ಗಾಬರಿಯಾಗಬೇಡಿ. ಕೊಳ್ಳುವಾಗಲೂ ಹಿಂದಿನಿಂದ ಟಾರ್ಚ್ ಬಿಟ್ಟು ಆ ಸಂದು ನೋಡಿ.

ನಿಜವಾದ ಶತ್ರು ನಮ್ಮ ಮಳೆಗಾಲ. ಜೂನ್‌ನಿಂದ ಗಾಡಿ ಶೆಡ್ಡಿನಲ್ಲೇ. ಬಿಸಿಲು ಕಾಣದ ಜುಲೈಯಲ್ಲಿ ಒದ್ದೆ ನೆಲದ ಮೇಲೆ ಗಾಡಿಗೆ ಟಾರ್ಪಾಲ್ ಹೊದಿಸಿ ಇಟ್ಟರೆ ಒಳಗೆ ತೇವ ಕಟ್ಟಿ, ಕರಾವಳಿಯ ಉಪ್ಪು ಮಾಡದ ಕೆಲಸವನ್ನು ಇಲ್ಲಿನ ಗಾಳಿ ಮಾಡಿ ಮುಗಿಸುತ್ತದೆ. ನಾನು ಹಿಂದಿನ ಡ್ರೈನ್ ಪ್ಲಗ್ ಎರಡೂ ತೆಗೆದು, ಮೂತಿ ಎತ್ತರಿಸಿ, ಸೀಟ್ ಸ್ವಲ್ಪ ಎತ್ತಿ ಗಾಳಿ ಆಡಲು ಬಿಡುತ್ತೇನೆ. ಸಿಲಿಂಡರಿಗೆ ತುಕ್ಕು ತಡೆಯುವ ಫಾಗಿಂಗ್ ಆಯಿಲ್, ಬ್ಯಾಟರಿ ಮನೆಯೊಳಗೆ. ಸೀಟಿನ ಅಡಿಯಲ್ಲಿ ಇಲಿ ಗೂಡು ಕಟ್ಟಿ ವೈರ್ ಕಡಿದದ್ದೂ ಆಗಿದೆ, ಅದಕ್ಕೆ ಈಗ ಹಿಂದಿನ ತೂತುಗಳಿಗೆ ಜಾಲರಿ.

ಪೆಟ್ರೋಲ್ ಬಗ್ಗೆಯೂ ಹೇಳಬೇಕು. ಬಂಕಿನಲ್ಲಿ ಈಗ ಸಿಗುವುದು 20% ಎಥನಾಲ್ ಬೆರೆತದ್ದು. ಇಂಥ ಎಂಜಿನ್‌ಗಳ ಕೈಪಿಡಿಯಲ್ಲಿ ಸಾಮಾನ್ಯವಾಗಿ 10% ಮಿತಿ ಇರುತ್ತದೆ. ಎಥನಾಲ್ ಗಾಳಿಯ ತೇವ ಹೀರುತ್ತದೆ, ತಿಂಗಳುಗಟ್ಟಲೆ ನಿಂತರೆ ತಳದಲ್ಲಿ ನೀರು ಬೇರೆಯಾಗುತ್ತದೆ. ಹಾಗಾಗಿ ಮೇ ಕೊನೆಯಲ್ಲಿ ಟ್ಯಾಂಕ್ ಖಾಲಿ ಮಾಡುವುದು ರೂಢಿ. ಆ ಪೆಟ್ರೋಲ್ ಕಳೆ ಕಟಿಂಗ್ ಮಷೀನಿಗೆ ಹೋಗುತ್ತದೆ, ಅದಕ್ಕೂ ಇದು ಹಿಡಿಸುವುದಿಲ್ಲ ಅಂತ ನಮ್ಮ ಮೆಕ್ಯಾನಿಕ್ ಗೊಣಗುತ್ತಾನೆ.

ಐದಕ್ಕೆ ನಾಲ್ಕು ಅಂಕ. ಕಳೆದ ಒಂದು ಅಂಕ ಬಿಡಿಭಾಗಕ್ಕೆ ಕಾಯುವ ಸಲುವಾಗಿ. ಮೀಟರ್ ಗಾಜಿನೊಳಗೆ ಮಾತ್ರ ಈಗಲೂ ಮಳೆಗಾಲದಲ್ಲಿ ಮಂಜು ಕಟ್ಟುತ್ತದೆ, ನವೆಂಬರಿನ ಬಿಸಿಲಿಗೆ ತಾನಾಗಿ ಹೋಗುತ್ತದೆ. ಅದನ್ನು ಬಿಚ್ಚುವ ಗೋಜಿಗೆ ಹೋಗಿಲ್ಲ. ಈ ಸಲ ನೀರಿಗಿಳಿಸುವ ಮೊದಲು ವೇರ್ ರಿಂಗ್ ಹಾಕಿಸುವುದಿದೆ, ಆರ್ಡರ್ ಕೊಟ್ಟಾಗಿದೆ.