ಯೂನಿಫಾಂಟೋ, ನೋಟೋನೋ?

ಬೀದರಿನಲ್ಲಿ ಒಂದೇ ಕರಪತ್ರಕ್ಕೆ ಕನ್ನಡ, ಉರ್ದು, ಮರಾಠಿ, ತೆಲುಗು ನಾಲ್ಕೂ ಬೇಕಾಗಬಹುದು. ಅದಕ್ಕೆ ಯಾವ ಉಚಿತ ಫಾಂಟ್ ಆರಿಸಬೇಕು?

ಹಲವು ಲಿಪಿಗಳಿರುವ ಉಚಿತ ಫಾಂಟ್ ಗ್ನೂ ಯೂನಿಫಾಂಟ್ 1998ರಲ್ಲಿ ಶುರುವಾಯಿತು. ಅದರ ಹೆಚ್ಚಿನ ಅಕ್ಷರಗಳು 8×16 ಇಲ್ಲವೇ 16×16 ಚುಕ್ಕಿಗಳಲ್ಲಿ ಮೂಡಿವೆ. ರಂಗೋಲಿ ಹಾಕಿದಂತೆ ಚುಕ್ಕಿ ತುಂಬಿ ಅಕ್ಷರ ಮಾಡಬಹುದು. ಫಾಂಟ್ ತಯಾರಿಸಲು ಕಲಿಯುವವರಿಗೆ ನಾನು ಯೂನಿಫಾಂಟನ್ನೇ ಸೂಚಿಸುತ್ತೇನೆ. ಆದರೆ ಕನ್ನಡದ ಒತ್ತಕ್ಷರ ಅದರಲ್ಲಿ ಸರಿಯಾಗಿ ಕೂಡುವುದಿಲ್ಲ. 'ಅಕ್ಕ' ಅಂತ ಬರೆದರೆ ಒತ್ತು ಕೆಳಗೆ ಇಳಿಯುವುದಿಲ್ಲ. ಹಾಗಾಗಿ ಅಚ್ಚಿಗೆ ಬೇಡವೇ ಬೇಡ.

ನೋಟೋ ಗೂಗಲ್‌ನ ಉಚಿತ ಫಾಂಟ್‌ಗಳ ಗುಂಪು. ಅದರಲ್ಲಿ ಒತ್ತು ತನ್ನ ಜಾಗದಲ್ಲೇ ಕೂರುತ್ತದೆ. ಉರ್ದುವಿಗೆ ನಸ್ತಾಲೀಕ್, ಅಂದರೆ ಓರೆಯಾಗಿ ಇಳಿಯುವ ಬರವಣಿಗೆಯ ಶೈಲಿ ಕೂಡ ಇದೆ. ಉರ್ದು ಓದುವವರ ಕಣ್ಣಿಗೆ ಅದೇ ಹಿತ, ಅಲ್ವಾ? ಲಿಪಿಗೊಂದು ಫೈಲ್ ಹಾಕಿಕೊಳ್ಳಬೇಕು, ಅಷ್ಟೇ. ಜಗತ್ತಿನ ಲಿಪಿಗಳನ್ನೆಲ್ಲ ಒಂದೇ ಫೈಲಿಗೆ ತುಂಬಲು ಆಗುವುದಿಲ್ಲ, ಯಾಕೆಂದರೆ ಒಂದು ಫಾಂಟ್ ಫೈಲಿನಲ್ಲಿ 65,535ಕ್ಕಿಂತ ಜಾಸ್ತಿ ಅಕ್ಷರದ ಆಕಾರಗಳು ಹಿಡಿಯುವುದಿಲ್ಲ. ಕರಪತ್ರಕ್ಕೆ ನೋಟೋನೇ ಹಾಕಿ.